ಹಲವು ಬಲಿಪೀಠಗಳು, ಒಂದು ಮಲೆನಾಡು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸಭೆಗಳು ಮತ್ತು ಸಹಸೇವೆಯ ಪ್ರಶ್ನೆ

ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಒಂದಕ್ಕೊಂದು ಹೊಂದಿಕೊಂಡಿರುವ ಮೂರು ತಾಲ್ಲೂಕುಗಳು ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ. ಶೃಂಗೇರಿ ತುಂಗೆಯ ದಡದಲ್ಲಿದೆ. ನರಸಿಂಹರಾಜಪುರ ಭದ್ರಾ ಜಲಾಶಯದ ಹಿನ್ನೀರಿನ ಸಮೀಪದಲ್ಲಿದೆ. ಕೊಪ್ಪ ಇವೆರಡರ ನಡುವೆ. ಅಡಿಕೆ, ಕಾಫಿ, ಕಾಳುಮೆಣಸು, ಈಚಿನ ದಶಕಗಳಲ್ಲಿ ರಬ್ಬರು, ಇವೇ ಇಲ್ಲಿನ ಬದುಕು. ಕಂದಾಯ ಇಲಾಖೆಯ ಕಣ್ಣಿಗೆ ಮೂರೂ ಒಂದೇ ಜಿಲ್ಲೆಯ ತಾಲ್ಲೂಕುಗಳು. ಸಭೆಗಳ ಕಣ್ಣಿಗೆ ಹಾಗಲ್ಲ. ಇಲ್ಲಿನ ಲತೀನ ಕಥೋಲಿಕರ ಧರ್ಮಾಧ್ಯಕ್ಷರು ಚಿಕ್ಕಮಗಳೂರಿನಲ್ಲಿದ್ದಾರೆ. ಸಿರೋ ಮಲಬಾರ್ ಕಥೋಲಿಕರ ಧರ್ಮಾಧ್ಯಕ್ಷರು ಭದ್ರಾವತಿಯಲ್ಲಿದ್ದಾರೆ. ದಕ್ಷಿಣ ಭಾರತ ಸಭೆಯವರ ಬಿಷಪರ ಪೀಠ ಮಂಗಳೂರಿನಲ್ಲಿದೆ. ಆರ್ಥೊಡಾಕ್ಸ್ ಹಾಗೂ ಯಾಕೋಬಾಯ ಸಿರಿಯನ್ನರಿಗೆ ಅವರವರ ಮೆಟ್ರೊಪಾಲಿಟನ್ನರಿದ್ದಾರೆ. ವಾರವಿಡೀ ಒಂದೇ ಬಸ್ಸಿನಲ್ಲಿ ಓಡಾಡಿ, ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುವ ವಿಶ್ವಾಸಿಗಳು ಭಾನುವಾರ ಬಂತೆಂದರೆ ಬೇರೆ ಬೇರೆ ದಿಕ್ಕಿಗೆ ಮುಖಮಾಡುತ್ತಾರೆ.

ಈ ಸಭೆಗಳು ಜೊತೆಗೂಡಿ ಊರಿನ ಸೇವೆ ಮಾಡುವುದೂ ತಮ್ಮ ಯುವಜನರನ್ನು ಒಟ್ಟಾಗಿ ಬೆಳೆಸುವುದೂ ಸಾಧ್ಯವೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಸದ್ಭಾವನೆಯ ಪ್ರಶ್ನೆಯೆಂದು ತಿಳಿಯಲಾಗುತ್ತದೆ. ಅದು ಮೊದಲಿಗೆ ಚರಿತ್ರೆಯ ಪ್ರಶ್ನೆ ಎಂಬುದು ನಮ್ಮ ಅಭಿಪ್ರಾಯ. ಯಾರು ಯಾವ ದಾರಿಯಿಂದ ಈ ಬೆಟ್ಟಗಳಿಗೆ ಬಂದರು, ಯಾವ ಭಾಷೆಯಲ್ಲಿ ಪ್ರಾರ್ಥಿಸುತ್ತ ಬಂದರು ಎಂಬುದನ್ನು ಅರಿಯದೆ ಅವರನ್ನು ಒಂದೇ ಮೇಜಿನ ಸುತ್ತ ಕೂರಿಸಲಾಗದು.

ಅದಕ್ಕೂ ಮುಂಚೆ ಒಂದು ಮಾತು. ಇಲ್ಲಿ ಸೇವೆಯೆಂಬುದನ್ನು ಕ್ರೈಸ್ತರು ಬಂದು ಕಲಿಸಬೇಕಾಗಿರಲಿಲ್ಲ. ಶೃಂಗೇರಿಯಲ್ಲಿ ಶಾರದಾ ಪೀಠವಿದೆ. ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ ವೀರಶೈವರ ರಂಭಾಪುರಿ ಪೀಠವಿದೆ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಜೈನ ಬಸದಿಯಿದೆ. ಅನ್ನದಾನ, ವಿದ್ಯಾದಾನಗಳು ಈ ನೆಲಕ್ಕೆ ಹಳೆಯ ಮಾತುಗಳು. 1791ರಲ್ಲಿ ಮರಾಠ ಸೈನ್ಯದ ಒಂದು ಪಡೆ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಅದರ ಪುನಃಸ್ಥಾಪನೆಗೆ ನೆರವು ಕಳುಹಿಸಿದವನು ಟಿಪ್ಪು ಸುಲ್ತಾನ. ಅವನು ಜಗದ್ಗುರುಗಳಿಗೆ ಬರೆದ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಅದೇ ಟಿಪ್ಪು 1784ರಲ್ಲಿ ಕರಾವಳಿಯ ಕೊಂಕಣಿ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದನು; ಅವರಲ್ಲಿ ಬದುಕುಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ. ಒಂದು ಸಮುದಾಯ ಕೃತಜ್ಞತೆಯಿಂದ ನೆನೆಯುವ ಹೆಸರನ್ನು ಇನ್ನೊಂದು ಸಮುದಾಯ ನೋವಿನಿಂದ ನೆನೆಯುತ್ತದೆ. ಮಲೆನಾಡಿನಲ್ಲಿ ಸೌಹಾರ್ದದ ಬಗ್ಗೆ ಬರೆಯುವವರು ಈ ಎರಡು ನೆನಪುಗಳಲ್ಲಿ ಒಂದನ್ನು ಮರೆತರೂ ಅವರ ಬರಹವನ್ನು ಇಲ್ಲಿನವರು ನಂಬುವುದಿಲ್ಲ.

ಈಗ ದಾರಿಗಳ ವಿಚಾರ. ಮೊದಲನೆಯದು ಘಟ್ಟದ ದಾರಿ. ಕೆಳಗಿನ ಕನ್ನಡ ಜಿಲ್ಲೆಯಿಂದ ಕೊಂಕಣಿ ಮಾತನಾಡುವ ಕಥೋಲಿಕರು ತೋಟದ ಕೆಲಸಕ್ಕೆ, ಮೇಸ್ತ್ರಿಗಿರಿಗೆ, ಕ್ರಮೇಣ ಸ್ವಂತ ತೋಟ ಮಾಡುವುದಕ್ಕೆ ಮೇಲೆ ಹತ್ತಿದರು. ಕಾಫಿ ತೋಟಗಳ ಕೂಲಿ ಲೈನುಗಳಿಗೆ ಪೂರ್ವದಿಂದ ತಮಿಳು ಮಾತನಾಡುವ ಕ್ರೈಸ್ತರೂ ಬಂದರು. ಇವರೆಲ್ಲರೂ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದವರು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಪ್ರತ್ಯೇಕವಾಯಿತು. ಅದರ ಮೊದಲ ಧರ್ಮಾಧ್ಯಕ್ಷರು ಆಲ್ಫೋನ್ಸಸ್ ಮಥಾಯಸ್. ಮುಂದೆ 1986ರಲ್ಲಿ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದವರು. ಈ ಕಾಲದ ದೇವಾಲಯದಲ್ಲಿ ಒಬ್ಬನೇ ಗುರು ಕೊಂಕಣಿ, ತಮಿಳು, ಕನ್ನಡ ಮೂರರಲ್ಲೂ ಪಾಪನಿವೇದನೆ ಕೇಳಬೇಕಾಗಿತ್ತು. ಲತೀನ ಭಾಷೆಯ ಪೂಜೆ ಎಲ್ಲರಿಗೂ ಸಮಾನವಾಗಿ ಅರ್ಥವಾಗದಿದ್ದುದರಿಂದ ಭಾಷೆಯ ಜಗಳ ಅಷ್ಟಾಗಿ ಇರಲಿಲ್ಲವೆಂದು ಹೇಳಿದರೆ ಅದು ಕೇವಲ ವಿನೋದವಾಗದು.

ಎರಡನೆಯದು ಮಿಷನರಿಗಳ ದಾರಿ. ಹತ್ತೊಂಬತ್ತನೆಯ ಶತಮಾನದ ಪ್ರಾಟೆಸ್ಟಂಟ್ ಮಿಷನ್ನುಗಳು ಕನ್ನಡ ನಾಡನ್ನು ತಮ್ಮೊಳಗೆ ಹಂಚಿಕೊಂಡಿದ್ದವು. ದಕ್ಷಿಣ ಕನ್ನಡ, ಧಾರವಾಡದ ಸೀಮೆ ಮತ್ತು ಕೊಡಗು ಬಾಸೆಲ್ ಮಿಷನ್ನಿಗೆ. ಬಳ್ಳಾರಿಯ ಕಡೆ ಲಂಡನ್ ಮಿಷನ್ನಿಗೆ. ಮೈಸೂರು ಸಂಸ್ಥಾನದ ಹೆಚ್ಚಿನ ಭಾಗ, ಅದರೊಡನೆ ಶಿವಮೊಗ್ಗ, ಹಾಸನ, ಚಿಕ್ಕಮಗಳೂರುಗಳು, ವೆಸ್ಲಿಯನ್ನರಿಗೆ. ಒಬ್ಬರ ಕ್ಷೇತ್ರದೊಳಕ್ಕೆ ಇನ್ನೊಬ್ಬರು ಕಾಲಿಡಬಾರದು ಎಂಬುದು ಒಪ್ಪಂದ. ಇದನ್ನು ನಮ್ಮ ಸಭಾಚರಿತ್ರೆಯ ಪಾಠಗಳಲ್ಲಿ ಸಹಕಾರದ ಮೊದಲ ಹೆಜ್ಜೆಯೆಂದು ಕಲಿಸುವುದುಂಟು. ನಮಗೆ ಅದರಲ್ಲಿ ಸಂಶಯವಿದೆ. ಅದು ಬೇಲಿ ಹಾಕಿಕೊಂಡು ಕಾಪಾಡಿದ ಸ್ನೇಹ. ಒಬ್ಬರನ್ನೊಬ್ಬರು ಸಂಧಿಸದೆ ಇರುವುದರಿಂದ ಜಗಳ ತಪ್ಪೀತು, ಆದರೆ ಜೊತೆಯಲ್ಲಿ ದುಡಿಯುವ ಅಭ್ಯಾಸ ಅದರಿಂದ ಬಾರದು. ಜನರು ಹುಟ್ಟಿದಲ್ಲೇ ಸಾಯುವ ನಾಡಿನಲ್ಲಿ ಮಾತ್ರ ಅಂಥ ಬೇಲಿ ನಿಲ್ಲುತ್ತದೆ. ತೋಟದ ಸೀಮೆಯಲ್ಲಿ ಜನ ನಿಲ್ಲುವುದಿಲ್ಲ.

ಈ ಕಾಲದ ಪಾದ್ರಿಯನ್ನು ಮಲೆನಾಡು ಹೇಗೆ ಕಂಡಿತೆಂಬುದಕ್ಕೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗಿಂತ ಒಳ್ಳೆಯ ಸಾಕ್ಷ್ಯ ನಮಗೆ ದೊರೆಯದು. 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, ಹುಟ್ಟಿದ ಕವಿ ಅವರು. 1967ರಲ್ಲಿ ಪ್ರಕಟವಾದ ಆ ಕೃತಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ತೀರ್ಥಹಳ್ಳಿ ಸೀಮೆಗೆ ಪಾದ್ರಿ ಜೀವರತ್ನಯ್ಯ ಬರುತ್ತಾನೆ. ಅವನೊಡನೆ ಬೈಸಿಕಲ್ಲೂ ಹೊಸ ವಿದ್ಯೆಯ ಮಾತೂ ಬರುತ್ತವೆ. ಯುವಕ ದೇವಯ್ಯಗೌಡ ಅವನ ಸೆಳೆತಕ್ಕೆ ಸಿಕ್ಕಿ ಮತಾಂತರದ ಹೊಸ್ತಿಲವರೆಗೆ ಹೋಗುತ್ತಾನೆ. ಮನೆಯವರಿಗೆ ಆತಂಕ, ಊರಿಗೆ ಕೌತುಕ. ಯುವಕನೊಬ್ಬನಿಗೆ ಹೊಸ ಲೋಕವನ್ನು ತೋರಿಸುವವನ ಮೇಲೆ ಊರು ಇಡುವ ಕಣ್ಣು ಎಂಥದೆಂಬುದು ಅಲ್ಲಿ ಸ್ಪಷ್ಟವಾಗಿದೆ. ಸಭಾಪಾಲನೆಗೆ ತರಬೇತಿ ಪಡೆಯುತ್ತಿರುವವರು ಆ ಭಾಗಗಳನ್ನು ಓದುವುದು ಒಳ್ಳೆಯದು. ಇಂದು ನಾವು ಯುವಜನ ಮಾರ್ಗದರ್ಶನವೆಂದು ಕರೆಯುವ ಕೆಲಸವು ಹೊರಗಿನಿಂದ ಹೇಗೆ ಕಾಣುತ್ತದೆಂಬುದು ಅಲ್ಲಿ ತಿಳಿಯುತ್ತದೆ.

ಮೂರನೆಯ ದಾರಿ ದಕ್ಷಿಣದ್ದು, ಇಂದಿನ ಚಿತ್ರವನ್ನು ಹೆಚ್ಚಾಗಿ ರೂಪಿಸಿದ್ದೂ ಅದೇ. ನರಸಿಂಹರಾಜಪುರದ ಹಳೆಯ ಹೆಸರು ಯಡೇಹಳ್ಳಿ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಅದಕ್ಕೆ ಇಡಲಾಯಿತು. ದಟ್ಟ ಕಾಡು, ಮಲೇರಿಯಾ ಜ್ವರ, ಕಡಿಮೆ ಜನ: ಇವು ಆ ಸೀಮೆಯ ಹಳೆಯ ಲಕ್ಷಣಗಳು. ತಿರುವಾಂಕೂರಿನ ಇಕ್ಕಟ್ಟಾದ ಹಿಡುವಳಿಗಳಿಂದ ಸಿರಿಯನ್ ಕ್ರೈಸ್ತ ಕೃಷಿಕರು 1920ರ ದಶಕದಿಂದ ಮಲಬಾರಿಗೂ, ಅಲ್ಲಿಂದ ಮುಂದೆ ಕರ್ನಾಟಕದ ಮಲೆನಾಡಿಗೂ ವಲಸೆ ಬಂದರು. ಮರಗೆಣಸು, ಶುಂಠಿ, ಮೆಣಸು, ರಬ್ಬರು ಅವರೊಡನೆ ಬಂದವು. ಗುಡಿಸಲ ಪಕ್ಕದಲ್ಲಿ ಮೊದಲು ಪ್ರಾರ್ಥನೆಯ ಚಪ್ಪರ, ನಂತರ ದೇವಾಲಯ, ಅದರ ಬಳಿ ಶಾಲೆ, ಕನ್ಯಾಮಠ: ಇದು ವಲಸೆಯ ಸಭೆಗಳಲ್ಲಿ ನಾವು ಮತ್ತೆ ಮತ್ತೆ ಕಾಣುವ ಕ್ರಮ. ಇದೇ ಕಾಲಘಟ್ಟದಲ್ಲಿ ಲಕ್ಕವಳ್ಳಿಯ ಅಣೆಕಟ್ಟಿನಿಂದ ಭದ್ರೆಯ ಹಿನ್ನೀರು ಈ ತಾಲ್ಲೂಕಿನ ಹಳ್ಳಿಗಳನ್ನು ಮುಳುಗಿಸಿ ಹಲವು ಕುಟುಂಬಗಳನ್ನು ಎಬ್ಬಿಸಿತು. ಹೀಗೆ ಒಬ್ಬರು ನೆಲವನ್ನು ಹುಡುಕಿಕೊಂಡು ಬಂದರೆ ಇನ್ನೊಬ್ಬರು ನೆಲ ಕಳೆದುಕೊಂಡು ಹೊರಟರು.

ವಲಸೆ ಬಂದ ಸಿರೋ ಮಲಬಾರ್ ವಿಶ್ವಾಸಿಗಳ ಪಾಲನೆ ಬಹುಕಾಲ ವಯನಾಡಿನ ಮಾನಂತವಾಡಿಯಿಂದ ನಡೆಯಿತು; ಆ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1973ರಲ್ಲಿ. 2007ರಲ್ಲಿ ಅದರಿಂದ ಭದ್ರಾವತಿ ಧರ್ಮಪ್ರಾಂತ್ಯ ಬೇರ್ಪಟ್ಟಿತು. ಶಿವಮೊಗ್ಗ ಜಿಲ್ಲೆಯೊಡನೆ ನಮ್ಮ ಈ ತಾಲ್ಲೂಕುಗಳೂ ಅದರ ಪಾಲನೆಗೆ ಬಂದವು. ಸಿರಿಯನ್ ಪರಂಪರೆಯೆಂದರೆ ಮಲಯಾಳವೆಂದೇ ತಿಳಿಯುವ ನಮ್ಮ ವಿದ್ಯಾರ್ಥಿಗಳಿಗೆ ಒಂದು ಸಂಗತಿ ಹೇಳಬೇಕು. ಆಗುಂಬೆ ಘಟ್ಟದ ಕೆಳಗೆ ಬ್ರಹ್ಮಾವರದಲ್ಲಿ 1889ರಲ್ಲಿ ಅಭಿಷಿಕ್ತರಾದ ಅಲ್ವಾರಿಸ್ ಮಾರ್ ಜೂಲಿಯಸರ ಹಿಂದೆ ಹೋದ ಕೊಂಕಣಿ ಕುಟುಂಬಗಳು ಇಂದಿಗೂ ಆರ್ಥೊಡಾಕ್ಸ್ ಸಿರಿಯನ್ ಸಭೆಯಲ್ಲಿವೆ. ಆರಾಧನೆಯ ಪದ್ಧತಿಗೂ ಮನೆಮಾತಿಗೂ ನಾವು ಹಾಕಿರುವ ಗಂಟು ಬಿಚ್ಚಲಾರದ್ದೇನಲ್ಲ.

ದ್ವಿತೀಯ ವ್ಯಾಟಿಕನ್ ಮಹಾಸಭೆಯ ಒಂದು ದಿನಾಂಕವನ್ನು ಇಲ್ಲಿ ನೆನೆಯಬೇಕು. 1964ರ ನವೆಂಬರ್ 21ರಂದು ಎರಡು ಆದೇಶಗಳು ಒಟ್ಟಿಗೆ ಹೊರಬಿದ್ದವು: ಒಂದು ಕ್ರೈಸ್ತೈಕ್ಯದ ಬಗ್ಗೆ, ಇನ್ನೊಂದು ಪೌರಸ್ತ್ಯ ಕಥೋಲಿಕ ಸಭೆಗಳ ಬಗ್ಗೆ. ಮೊದಲನೆಯದು ಬೇರೆ ಸಭೆಗಳ ಕ್ರೈಸ್ತರೊಡನೆ ಸಮಾಜಸೇವೆಯಲ್ಲಿ ಕೈಜೋಡಿಸಲು ಕರೆ ನೀಡಿತು; ಎರಡನೆಯದು ಪೌರಸ್ತ್ಯ ಸಭೆಗಳು ತಮ್ಮ ಆರಾಧನೆಯನ್ನೂ ಶಿಸ್ತನ್ನೂ ಕಾಪಾಡಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಚಿಕ್ಕಮಗಳೂರಿನ ಮೊದಲ ಧರ್ಮಾಧ್ಯಕ್ಷರು ಆ ಮಹಾಸಭೆಯಲ್ಲಿ ಭಾಗವಹಿಸಿದವರು. ಎರಡನೆಯ ಆದೇಶದ ಫಲ ಮಲೆನಾಡಿನಲ್ಲಿ ಬೇಗ ಕಾಣಿಸಿತು: ಪ್ರತ್ಯೇಕ ಧರ್ಮಪ್ರಾಂತ್ಯ, ಪ್ರತ್ಯೇಕ ಧರ್ಮಕೇಂದ್ರಗಳು, ಪ್ರತ್ಯೇಕ ಯುವಸಂಘಗಳು. ಅದು ನ್ಯಾಯವೇ. ಆದರೆ ಅದೇ ದಿನ ಅದೇ ಕೈಗಳು ಸಹಿ ಹಾಕಿದ ಮೊದಲನೆಯ ಆದೇಶಕ್ಕೆ ನಾವು ಅಷ್ಟೇ ಶ್ರದ್ಧೆ ತೋರಲಿಲ್ಲ. ಪ್ರಾಟೆಸ್ಟಂಟರ ಕಡೆಯಲ್ಲಿಯೂ ಇದಕ್ಕೆ ಸಮನಾದ ಒಂದು ಮಾತು 1952ರ ಲುಂಡ್ ಸಮ್ಮೇಳನದಿಂದ ಬಂದಿತ್ತು: ಆಳವಾದ ನಂಬಿಕೆಯ ಭೇದ ತಡೆಯುವಲ್ಲಿ ಮಾತ್ರ ಬೇರೆ ಬೇರೆಯಾಗಿ, ಉಳಿದೆಲ್ಲದರಲ್ಲಿ ಜೊತೆಯಾಗಿ ಸಭೆಗಳು ನಡೆಯಬೇಕಲ್ಲವೇ ಎಂಬ ಪ್ರಶ್ನೆ. ಈ ಪ್ರಶ್ನೆಯು ಹೊರೆಯನ್ನು ತಿರುಗಿಸುತ್ತದೆ. ಜೊತೆಗೂಡಲು ಕಾರಣ ಕೊಡಬೇಕಾಗಿಲ್ಲ. ಬೇರೆಯಾಗಿರಲು ಕಾರಣ ಕೊಡಬೇಕು. ಸಂಜೆಯ ಪಾಠಶಾಲೆಗೆ, ರಕ್ತದಾನಕ್ಕೆ, ಕುಡಿತ ಬಿಡಿಸುವ ಶಿಬಿರಕ್ಕೆ ಯಾವ ನಂಬಿಕೆಯ ಭೇದ ಅಡ್ಡ ಬರುತ್ತದೆ?

ಕನ್ನಡ ನಾಡಿನಲ್ಲಿ ಸಭೆಗಳು ನಿಜವಾಗಿ ಕೂಡಿ ದುಡಿದದ್ದು ಯಾವಾಗ ಎಂದು ನೋಡಿದರೆ, ಅದು ಎರಡು ಸಂದರ್ಭಗಳಲ್ಲಿ: ಸಂಕಟ ಬಂದಾಗ, ಮತ್ತು ಯುವಕರನ್ನು ತರಬೇತು ಮಾಡಬೇಕಾದಾಗ. 1914ರ ಯುದ್ಧದಲ್ಲಿ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಾಗ ಸಭೆಗಳನ್ನು ನಡೆಸಿದವರು ದೇಶೀಯ ಸಭಾಪಾಲಕರು. ಸ್ವಿಟ್ಜರ್ಲೆಂಡಿನ ಲೊಸಾನಿನಿಂದ ಬಂದ ಕನ್ನಡ ಸುವಾರ್ತಾ ಮಿಷನ್ ಅವರ ಜೊತೆಗೆ ನಿಂತಿತು. ತರಬೇತಿಯ ವಿಷಯದಲ್ಲಿ 1910ರಲ್ಲಿಯೇ ಹಲವು ಮಿಷನ್ನುಗಳು ಸೇರಿ ಬೆಂಗಳೂರಿನಲ್ಲಿ ಸಂಯುಕ್ತ ದೈವಜ್ಞಾನ ಕಾಲೇಜನ್ನು ತೆರೆದವು. ತುಮಕೂರಿನಲ್ಲಿ ಸಂಯುಕ್ತ ಕನ್ನಡ ಸೆಮಿನರಿ ನಡೆಯಿತು. 1965ರಲ್ಲಿ ಅದು ಮಂಗಳೂರಿನ ಬಲ್ಮಠದ ಸೆಮಿನರಿಯೊಡನೆ ಕೂಡಿ ಕರ್ನಾಟಕ ದೈವಜ್ಞಾನ ಕಾಲೇಜಾಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಉದಯಿಸಿದಾಗ ಅದರ ಮೈಸೂರು ಧರ್ಮಪ್ರಾಂತ್ಯದ ಮೊದಲ ಬಿಷಪರಾದವರು ಪಿ. ಗುರುಶಾಂತ, 1951ರಿಂದ 1970ರವರೆಗೆ ನಾರ್ಮನ್ ಸಾರ್ಜೆಂಟ್. ಐಕ್ಯದ ಪತ್ರಕ್ಕೆ ಸಹಿ ಬೀಳುವ ಮುಂಚೆಯೇ ಒಂದೇ ಬೆಂಚಿನಲ್ಲಿ ಕುಳಿತು ಓದಿದ ಒಂದು ತಲೆಮಾರು ಇತ್ತೆಂಬುದನ್ನು ನಾವು ಮರೆಯಬಾರದು.

ಬಾಸೆಲ್ ಮಿಷನ್ನಿನ ಕಾರ್ಯಾಗಾರಗಳನ್ನೂ ಯುವಜನ ಪೋಷಣೆಯ ಚರಿತ್ರೆಯಲ್ಲಿಯೇ ಓದಬೇಕು. 1841ರ ಮುದ್ರಣಾಲಯ, ನೇಯ್ಗೆಯ ಶಾಲೆಗಳು, 1865ರಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆ: ಇವುಗಳಲ್ಲಿ ಹುಡುಗರು ಕಸುಬನ್ನೂ ವೇಳೆಯ ಶಿಸ್ತನ್ನೂ ಲೆಕ್ಕವನ್ನೂ ಕಲಿತರು. ಮಲೆನಾಡಿನ ಎಷ್ಟೋ ಮನೆಗಳ ಮಾಡಿಗೆ ಮಂಗಳೂರು ಹೆಂಚು ಏರಿತು. ಆ ಮನೆಗಳೊಳಗೆ ಪಾದ್ರಿ ಕಾಲಿಟ್ಟಿರಲಿಲ್ಲ. ಆದರೆ ಆ ವ್ಯವಸ್ಥೆಗೆ ಒಂದು ಕೊರತೆಯಿತ್ತು. ಜಾತಿ ಕಳೆದುಕೊಂಡು ಬಂದವನಿಗೆ ವಿಶ್ವಾಸವನ್ನು ಕೊಟ್ಟವರೇ ಕೂಲಿಯನ್ನೂ ಕೊಟ್ಟರು. ಗುರುವೂ ಧಣಿಯೂ ಒಬ್ಬರೇ ಆದರು. ಹಾಗಾದಲ್ಲಿ ಪ್ರೀತಿ ಯಾವುದು, ಹಿಡಿತ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ.

ಈ ಕೊರತೆಯ ನೆನಪಿನೊಂದಿಗೆ ಈಚಿನ ಎರಡು ಸಂಗತಿಗಳನ್ನು ನೋಡಬೇಕು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿಯೂ ಚಿಕ್ಕಮಗಳೂರು ಜಿಲ್ಲೆಯ ಕೆಲವೆಡೆಗಳಲ್ಲಿಯೂ ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿಗಳಾದವು. ಅಂದು ಬೇರೆ ಬೇರೆ ಸಭೆಗಳ ಮುಖಂಡರು ಒಂದೇ ವೇದಿಕೆಗೆ ಬಂದರು. ಸಂಕಟ ಕೂಡಿಸಿತು, ನಿಜ; ಭಯದಿಂದ ಕೂಡಿದವರು ಭಯ ತಗ್ಗಿದಾಗ ಚದುರುವುದೂ ಉಂಟು. ಎರಡನೆಯದು 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮ. ಅದು ‘ಆಮಿಷ’ ಎಂಬುದರ ಅರ್ಥದೊಳಗೆ ಧಾರ್ಮಿಕ ಸಂಸ್ಥೆಯ ಶಾಲೆಯ ಉಚಿತ ಶಿಕ್ಷಣವನ್ನೂ ಉದ್ಯೋಗವನ್ನೂ ಸೇರಿಸಿತು. 2023ರ ಜೂನಿನಲ್ಲಿ ಅದನ್ನು ಹಿಂತೆಗೆಯಲು ಸಚಿವ ಸಂಪುಟ ತೀರ್ಮಾನಿಸಿತು. ಕಾನೂನಿನ ನ್ಯಾಯಾನ್ಯಾಯದ ಚರ್ಚೆ ಬೇರೆ. ಸೇವೆಯ ಹಿಂದೆ ಫಸಲಿನ ಲೆಕ್ಕವಿದೆ ಎಂಬ ನೆರೆಯವರ ಸಂಶಯ ಮಾತ್ರ ಕಾನೂನಿಗಿಂತ ಹಳೆಯದು. ದೇವಯ್ಯಗೌಡನ ಮನೆಯವರಿಗೂ ಅದೇ ಸಂಶಯವಿತ್ತು.

ಸಹಸೇವೆಗೆ ನಾವು ಕೊಡುವ ಮುಖ್ಯ ಕಾರಣ ಇಲ್ಲಿದೆ. ಒಂದು ಸಭೆ ನಡೆಸುವ ಸಂಜೆಯ ಪಾಠದಲ್ಲಿ ಎಷ್ಟೇ ನಿಸ್ವಾರ್ಥತೆಯಿದ್ದರೂ ಅಲ್ಲಿಗೆ ಬರುವ ಮಗು ಆ ಸಭೆಯ ಅಂಗಳಕ್ಕೆ ಬರುತ್ತದೆ. ನಾಲ್ಕು ಸಭೆಗಳು ಕೂಡಿ, ಪಂಚಾಯಿತಿಯ ಕಟ್ಟಡದಲ್ಲಿಯೋ ಸರ್ಕಾರಿ ಶಾಲೆಯ ಕೊಠಡಿಯಲ್ಲಿಯೋ, ಊರಿನ ಇತರ ಧರ್ಮದವರನ್ನೂ ಸೇರಿಸಿಕೊಂಡು ಅದೇ ಪಾಠವನ್ನು ನಡೆಸಿದರೆ, ಆ ಮಗುವನ್ನು ಯಾರೂ ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಲಾರರು. ಫಸಲು ಯಾರದೂ ಆಗದ ಹೊಲದಲ್ಲಿ ದುಡಿಯಲು ಒಪ್ಪುವುದೇ ಸೇವೆಯ ಪರೀಕ್ಷೆ. ಲತೀನರು ಸಿರಿಯನ್ನರ ಕುರಿಗಳನ್ನು ಕದಿಯುತ್ತಾರೆ, ಸಿರಿಯನ್ನರು ಲತೀನರ ಮದುವೆಗಳನ್ನು ಎಳೆದುಕೊಳ್ಳುತ್ತಾರೆ, ಹೊಸ ಪ್ರಾರ್ಥನಾ ಕೂಟಗಳು ಇಬ್ಬರನ್ನೂ ಖಾಲಿ ಮಾಡುತ್ತವೆ ಎಂದು ನಮ್ಮ ಗುರುಗಳು ತಮ್ಮೊಳಗೆ ಆಡಿಕೊಳ್ಳುವ ದೂರಿಗೂ ಬಹುಶಃ ಇದರಲ್ಲಿಯೇ ಔಷಧವಿದೆ.

ಯುವಜನರಂತೂ ಈಗಾಗಲೇ ಅರ್ಧ ದಾರಿ ಬಂದಿದ್ದಾರೆ. ಅಜ್ಜ ಮಲಯಾಳದಲ್ಲಿಯೋ ಕೊಂಕಣಿಯಲ್ಲಿಯೋ ಜಪಮಾಲೆ ಹೇಳುತ್ತಾನೆ. ಮೊಮ್ಮಗಳು ಶಾಲೆಯಲ್ಲಿ ಕನ್ನಡ ಓದಿ, ಗೆಳತಿಯರೊಡನೆ ಕನ್ನಡದಲ್ಲಿ ಜಗಳವಾಡಿ, ಭಾನುವಾರ ತನಗೆ ಅರ್ಧವೇ ಗೊತ್ತಿರುವ ಭಾಷೆಯ ಪೂಜೆಯಲ್ಲಿ ನಿಲ್ಲುತ್ತಾಳೆ. ಪಿಯುಸಿ ಮುಗಿದ ಮೇಲೆ ಶಿವಮೊಗ್ಗ, ಮಂಗಳೂರು, ಬೆಂಗಳೂರು. ಊರಿನಲ್ಲಿ ಉಳಿಯುವವರಿಗೆ ಅಡಿಕೆಯ ಎಲೆಚುಕ್ಕಿ ರೋಗ, ಸಾಲ, ಕುಡಿತ. ಈ ಶತಮಾನದ ಮೊದಲ ದಶಕದಲ್ಲಿ ಇದೇ ತಾಲ್ಲೂಕುಗಳ ಕಾಡಂಚಿನ ಕೆಲವು ಯುವಕ ಯುವತಿಯರು ಬಂದೂಕು ಹಿಡಿದು ಕಾಡು ಸೇರಿದ್ದನ್ನು ನಾಡು ಕಂಡಿದೆ. ಮಲೆನಾಡಿನ ಯುವಜನರ ಪ್ರಶ್ನೆ ಭಾನುವಾರದ ಹಾಜರಿಗಿಂತ ದೊಡ್ಡದು. ಹೀಗಿರುವಾಗ ಒಂದೇ ಊರಿನಲ್ಲಿ ಒಂದೊಂದು ಸಭೆಯೂ ಹತ್ತು ಹನ್ನೆರಡು ಮಂದಿಯ ಒಂದೊಂದು ಯುವಸಂಘವನ್ನು ಕಟ್ಟಿ, ಒಂದೊಂದು ಕ್ರಿಸ್ಮಸ್ ನಾಟಕವನ್ನು ಆಡಿಸಿ ಸುಮ್ಮನಾಗುವುದು ನಮಗೆ ಸರಿಯೆನಿಸದು.

ಯುವಕರ ಮಾರ್ಗದರ್ಶನಕ್ಕೆ ಪೌಲ ಮತ್ತು ತಿಮೊಥೆಯರ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ನಾವು ಬಾರ್ನಬನನ್ನು ಮುಂದಿಡುತ್ತೇವೆ. ಒಮ್ಮೆ ಕೆಲಸ ಬಿಟ್ಟು ಓಡಿದ ಮಾರ್ಕನನ್ನು ಪೌಲನು ಬೇಡವೆಂದಾಗ, ಅವನನ್ನು ಕೈಹಿಡಿದು ಕರೆದೊಯ್ದವನು 
ಬಾರ್ನಬ, ಅದಕ್ಕಾಗಿ ಪೌಲನ ಜೊತೆಯನ್ನೇ ಅವನು ಬಿಡಬೇಕಾಯಿತು. ಯುವಕನ ಹಿಂದೆ ಹೋಗಲು ತನ್ನವರೊಡನೆ ತುಸು ಮನಸ್ತಾಪವನ್ನೂ ತಾಳುವವನೇ ಇಲ್ಲಿ ಬೇಕಾದವನು. ಧರ್ಮಗುರುಗಳಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗವಾಗುತ್ತದೆ. ಒಬ್ಬರು ಕಟ್ಟಿದ್ದು ಮುಂದಿನವರ ಕಾಲದಲ್ಲಿ ಉಳಿಯದು. ಆದ್ದರಿಂದ ಈ ಕೆಲಸ ಊರಿನಲ್ಲೇ ಇರುವ ಶಿಕ್ಷಕಿಯರು, ದಾದಿಯರು, ನಿವೃತ್ತ ನೌಕರರು, ಕನ್ಯಾಮಠದ ಭಗಿನಿಯರ ಕೈಯಲ್ಲಿರಬೇಕು. ಮಾರ್ಚ್ ತಿಂಗಳ ಮೊದಲ ಶುಕ್ರವಾರ ಸ್ತ್ರೀಯರು ಆಚರಿಸುವ ಲೋಕ ಪ್ರಾರ್ಥನಾ ದಿನವು ಬಿಷಪರ ಪತ್ರಕ್ಕೆ ಕಾಯದೆ ಸಭೆಗಳ ಗೋಡೆ ದಾಟಿದ ಒಂದು ಆಚರಣೆ.

ಕೊನೆಗೆ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ. ಯೆರೂಸಲೇಮಿನ ಸಭೆಯ ಒಳಗಿನ ಮೊದಲ ಗುಣುಗುಟ್ಟುವಿಕೆ ಎದ್ದದ್ದು ದಿನದಿನದ ಊಟದ ಹಂಚಿಕೆಯಲ್ಲಿ, ಅದೂ ಭಾಷೆಯ ಗೆರೆಯ ಮೇಲೆ. ಗ್ರೀಕ್ ಮಾತನಾಡುವವರ ವಿಧವೆಯರು ಇಬ್ರಿಯ ಮಾತನಾಡುವವರ ಕಣ್ಣಿಗೆ ಬೀಳಲಿಲ್ಲ. ಅಪೊಸ್ತಲರು ಎರಡು ಸಭೆಗಳನ್ನು ಮಾಡಲಿಲ್ಲ. ಸ್ತೆಫನನಿಂದ ಹಿಡಿದು ನಿಕೊಲಾಯನವರೆಗೆ ಆರಿಸಿದ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ಕಡೆಗಣಿಸಲ್ಪಟ್ಟವರ ಭಾಷೆಯವರ ಕೈಗೇ ಎಲ್ಲರ ಊಟದ ಪಾತ್ರೆಯನ್ನು ಕೊಟ್ಟರು.

ಇಂದು ಮಲೆನಾಡಿನ ಕಾಫಿ ತೋಟಗಳ ಲೈನುಗಳಿಗೆ ಅಸ್ಸಾಮಿನಿಂದ, ಝಾರ್ಖಂಡಿನಿಂದ ಕೆಲಸಗಾರರು ಬರುತ್ತಿದ್ದಾರೆ. 2025ರವರೆಗೆ ಜಾರಿಯಲ್ಲಿದ್ದ 1951ರ ತೋಟ ಕಾರ್ಮಿಕರ ಕಾಯ್ದೆ ತೋಟದ ಮಕ್ಕಳ ಪಾಲನೆಗೂ ಶಿಕ್ಷಣಕ್ಕೂ ಹೊಣೆ ಹೊರಿಸಿತ್ತು. ಋತುವಿಗೆ ಬಂದು ಋತುವಿಗೆ ಹೋಗುವವರನ್ನು ಅದು ಎಷ್ಟರಮಟ್ಟಿಗೆ ಮುಟ್ಟಿತೆಂಬುದು ಬೇರೆ ಮಾತು. ಅಂಥವರಲ್ಲಿ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳೋಣ. ಅವಳ ಅಜ್ಜಿಯ ಅಜ್ಜಿ ರಾಂಚಿಯ ಕಡೆ ಗೋಸ್ನರ್ ಲುಥೆರನ್ ಮಿಷನ್ನಿನಲ್ಲಿ ದೀಕ್ಷಾಸ್ನಾನ ಪಡೆದವಳು. ಈ ಮೂರು ತಾಲ್ಲೂಕುಗಳಲ್ಲಿ ಅವಳ ಸಭೆಯಿಲ್ಲ, ಅವಳ ಭಾಷೆಯ ಪೂಜೆಯಿಲ್ಲ, ಯಾವ ಧರ್ಮಕೇಂದ್ರದ ಕುಟುಂಬ ಪಟ್ಟಿಯಲ್ಲಿಯೂ ಅವಳ ಹೆಸರಿಲ್ಲ. ಅವಳ ಎಂಟು ವರ್ಷದ ಮಗ ಕೊಯ್ಲಿನ ದಿನಗಳಲ್ಲಿ ಲೈನಿನ ಮುಂದೆ ತಂಗಿಯನ್ನು ಎತ್ತಿಕೊಂಡು ನಿಂತಿರುತ್ತಾನೆ. ಅವನಿಗೆ ಕನ್ನಡ ಅಕ್ಷರ ಕಲಿಸುವ ಸರದಿ ಲತೀನರದೋ, ಸಿರಿಯನ್ನರದೋ, ದಕ್ಷಿಣ ಭಾರತ ಸಭೆಯವರದೋ?